ಬ್ಯಾರನ್ನಿಗೆ ಹೋದ ಶಾವಿಗೆ

ಮುದ್ದೆ ಉಣ್ಣುವಾಗ ನನಗೊಂದು ಕೆಟ್ಟ ಚಾಳಿ. ತಟ್ಟೆಯ ಮುಂದೆ ಕೂತು ಮಾತಿಗೆ ತೊಡಗಿದೆನೆಂದರೆ ಬೆರಳುಗಳು ತಮ್ಮಷ್ಟಕ್ಕೆ ತಾವು ಕೆಲಸ ಶುರು ಮಾಡುತ್ತವೆ. ಮುರಿದ ತುತ್ತು ಸಾರಿಗೆ ಇಳಿಯುವ ಮೊದಲೇ ಅದಕ್ಕೊಂದು ಮೂಗು ಬಂದಿರುತ್ತದೆ, ಇಲ್ಲವೇ ಎರಡು ಕಿವಿ. ಒಂದು ದಿನ ನಮ್ಮ ಯಜಮಾನರು ನನ್ನ ತಟ್ಟೆಯ ಅಂಚಿನಲ್ಲಿ ಸಾಲಾಗಿ ಕೂತಿದ್ದ ಕೋಳಿಮರಿಗಳನ್ನು ನೋಡಿ, "ಊಟ ಮಾಡ್ತಿದ್ದೀಯೋ, ಕ್ಲಾಸು ತಗೊಳ್ತಿದ್ದೀಯೋ?" ಎಂದು ಕೇಳಿದರು. ನಾನು ಒಂದು ಮರಿಯನ್ನು ಸೊಪ್ಪಿನ ಸಾರಿಗೆ ಅದ್ದಿ ನುಂಗಿದೆ. ಪ್ರಶ್ನೆಗೆ ಅದೇ ಉತ್ತರ.

ಈ ಚಾಳಿಯನ್ನು ಬಿಡಿಸಲು ಮೊದಲು ನೋಡಿದವಳು ನನ್ನನ್ನು ಸಾಕಿದ ಅಜ್ಜಿ. ಸಾಲಿಗ್ರಾಮದ ಕಡೆ ನಮ್ಮದು ನಾಲೆ ಬಯಲಿನ ಊರು, ಭತ್ತದ ಸೀಮೆ. ಆದರೂ ಅಜ್ಜಿಗೆ ರಾತ್ರಿಗೆ ಮುದ್ದೆಯೇ ಆಗಬೇಕು. ನನ್ನ ಬೆರಳಾಟ ಕಂಡಾಗಲೆಲ್ಲ ಅವಳು ತಲೆಯ ಮೇಲೊಂದು ಮೊಟಕಿ ಅನ್ನುತ್ತಿದ್ದಳು: "ಉಣ್ಣೋ ಅನ್ನಕ್ಕೆ ಮೂಗು ಬಾಯಿ ಬರಿಸ್ಬ್ಯಾಡ ಕಣೇ. ಆಮೇಲೆ ನುಂಗಾಕೆ ಮನಸ್ ಬಂದಾತಾ?" ಮಾತು ನಿಜ. ಒಮ್ಮೆ ನಾನು ಮಾಡಿದ ಇಲಿಯ ಮುಖ ಎಷ್ಟು ಪಾಪವಾಗಿ ಬಂತೆಂದರೆ, ಅದನ್ನು ತಿನ್ನಲಾರದೆ ಲಂಗದ ಮಡಿಲಲ್ಲಿ ಮುಚ್ಚಿಟ್ಟುಕೊಂಡು ಮಲಗಿದ್ದೆ. ಬೆಳಿಗ್ಗೆ ಅದಕ್ಕೆ ಇರುವೆ ಮುತ್ತಿ, ಇರುವೆ ನನಗೂ ಮುತ್ತಿ, ಇಡೀ ಮನೆಗೆ ನನ್ನ ಶಿಲ್ಪಕಲೆಯ ಪರಿಚಯವಾಯಿತು.

ಹಾಗೆಂದು ಅಜ್ಜಿಯೇನೂ ಕಡಿಮೆ ಶಿಲ್ಪಿಯಲ್ಲ. ಧನುರ್ಮಾಸದ ಚಳಿಯಲ್ಲಿ ಬಾಗಿಲು ಸಾರಿಸಿ ರಂಗೋಲಿ ಬಿಟ್ಟ ಮೇಲೆ ಒಂದು ಹಿಡಿ ಹಸಿ ಸಗಣಿ ತೆಗೆದುಕೊಂಡು, ಅಂಗೈಯಲ್ಲಿ ಒಂದು ಸುತ್ತು ತಿರುಗಿಸಿ, ಮೇಲೆ ಮೂರು ಬೆರಳಲ್ಲಿ ಚಿವುಟಿ ಕೂರಿಸಿದಳೆಂದರೆ ಮುಗಿಯಿತು. ನೆತ್ತಿಗೆ ಎರಡು ಎಳೆ ಗರಿಕೆ, ಸಿಕ್ಕಿದರೆ ಒಂದು ಹುಚ್ಚೆಳ್ಳು ಹೂ. ಅದು ಪಿಳ್ಳೇರಾಯ, ಸಗಣಿಯ ಗಣಪ. ಕಣ್ಣಿಲ್ಲ, ಸೊಂಡಿಲಿಲ್ಲ, ಹೊಟ್ಟೆ ಮಾತ್ರ ಇದೆ. ನಾನು ಸೊಂಡಿಲು ಮಾಡಲು ಹೋದರೆ ಕೈ ತಳ್ಳುತ್ತಿದ್ದಳು. "ಅವನಿಗೆ ಅಷ್ಟು ಸಾಕು ಬುಡು. ಗರಿಕೆ ಸಿಕ್ಕಿಸೋಗಂಟ ಸಗಣಿ, ಸಿಕ್ಕಿಸಿದ್ ಮೇಲೆ ದ್ಯಾವ್ರು. ನಾಳೀಕೆ ಬಾಡ್ತಲೂ ತಿರ್ಗಾ ಸಗಣಿ." ಮಾರನೆಯ ದಿನ ಪಿಳ್ಳೇರಾಯನನ್ನು ಎತ್ತಿ ಕುಂಬಳದ ಪಾತಿಗೆ ಹಾಕುವಾಗ ಅವಳ ಮುಖದಲ್ಲಿ ಯಾವ ಅಳುಕೂ ಇರುತ್ತಿರಲಿಲ್ಲ. ಕುಂಬಳ ಚೆನ್ನಾಗಿ ಬಿಡುತ್ತಿತ್ತು.

ಇಂಥ ಮನೆಯಿಂದ ಬಂದ ನಾನು ಮುಂದೆ ಡ್ರಾಯಿಂಗ್ ಟೀಚರಾದೆ. ಆದೆ ಅಷ್ಟೇ, ಕೈ ಮಾತ್ರ ಹಾಗೇ ಉಳಿಯಿತು. ತರಬೇತಿಯಲ್ಲಿದ್ದಾಗ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನಲ್ಲಿ ಒಬ್ಬ ಮಹನೀಯರ ತಲೆ ಮಾಡಲು ಕೊಟ್ಟಿದ್ದರು. ನಾನು ಮಾಡಿದ್ದನ್ನು ಸುತ್ತಲೂ ತಿರುಗಿ ನೋಡಿದ ನಮ್ಮ ಗುರುಗಳು, "ಯಾರೋ ಇದ್ದಾರೆ ಇದರಲ್ಲಿ. ಆದ್ರೆ ಅವರಲ್ಲ" ಎಂದರು. ವಾರದ ನಂತರ ಗೊತ್ತಾಯಿತು, ಅದರಲ್ಲಿದ್ದವರು ನಾನು ದಿನಾ ಹತ್ತುತ್ತಿದ್ದ ಬಸ್ಸಿನ ಕಂಡಕ್ಟರು. ಬೋರ್ಡಿನ ಮೇಲೆ ನಾನು ಬರೆಯುವ ಆನೆಯನ್ನು ಮಕ್ಕಳು ಇಂದಿಗೂ ಎಮ್ಮೆಯೆಂದೇ ತಿಳಿದು ಪುಸ್ತಕದಲ್ಲಿ ಕೊಂಬು ಸೇರಿಸುತ್ತಾರೆ. ಕಾಡಿನ ಅಂಚಿನಲ್ಲಿರುವ ಮಕ್ಕಳು. ವೀರನಹೊಸಹಳ್ಳಿಯ ಕಡೆಯಿಂದ ಬರುವವರಂತೂ ಆನೆಯನ್ನು ನನಗಿಂತ ಹತ್ತಿರದಿಂದ ನೋಡಿದವರು. ಅವರೆದುರು ನನ್ನ ವಾದ ನಡೆಯುವುದಿಲ್ಲ.

ಈಗ ಹೇಳಹೊರಟ ಸಂಗತಿ ನಡೆದದ್ದು ಹೋದ ವರ್ಷ. ಹುಣಸೂರಿನ ಅಂಚಿನಲ್ಲಿ ನಮ್ಮ ಶಾಲೆ. ಅರ್ಧ ಮಕ್ಕಳು ಪೇಟೆಯ ಗಲ್ಲಿಗಳಿಂದ, ಅರ್ಧ ಮಕ್ಕಳು ಸುತ್ತಲಿನ ಹಳ್ಳಿಗಳಿಂದ ಬರುತ್ತಾರೆ. ದಸರಾ ರಜೆ ಮುಗಿಸಿ ಬಂದ ಏಳನೇ ತರಗತಿಯವರಿಗೆ ನಾನೊಂದು ಪ್ರಾಜೆಕ್ಟ್ ಕೊಟ್ಟೆ: ನಿಮ್ಮ ನಿಮ್ಮ ಮನೆಯ ಹಬ್ಬವನ್ನು ಮಣ್ಣಿನಲ್ಲಿ ಮಾಡಿ. ಪೋಷಕರ ಸಭೆಯ ದಿನ ಪ್ರದರ್ಶನಕ್ಕೆ ಇಡೋಣ. ಪ್ರತಿಯೊಂದರ ಮುಂದೆಯೂ ಮಾಡಿದವರ ಹೆಸರು ಬರೆದ ಚೀಟಿ.

ಹೆಸರಿನ ಚೀಟಿ ಎಂದೊಡನೆ ತರಗತಿ ಎದ್ದು ನಿಂತಿತು. ಚಂದನ್ ಎಂಬ ಹುಡುಗ ಎಲ್ಲರಿಗಿಂತ ಮುಂದೆ. "ಮಿಸ್, ನಾನು ಸಂಕ್ರಾಂತಿ ಎತ್ತು ಮಾಡ್ತೀನಿ. ಕಿಚ್ಚು ಹಾಯೋದು."

"ಬೆಂಕಿ ಹೆಂಗೋ ಮಾಡ್ತೀಯ ಮಣ್ಣಲ್ಲಿ?"

"ಎತ್ತು ನೆಗೆಯೋದಷ್ಟೇ ಮಾಡ್ತೀನಿ ಮಿಸ್. ಬೆಂಕಿ ಅದೆ ಅಂತ ನೋಡೋರು ಅನ್ಕೋಬೇಕು."

"ನಮ್ಮನೇಲಿ ಮಾರಿಹಬ್ಬ ಮಿಸ್, ಕುರಿ ಮಾಡ್ಲಾ?" ಎಂದಳೊಬ್ಬಳು.

"ಮಾಡು."

"ತಲೆ ಸಮೇತನಾ, ತಲೆ ಬ್ಯಾರೆ ಮಾಡ್ಲಾ ಮಿಸ್?"

ಈ ಗದ್ದಲದಲ್ಲಿ ಸುಮ್ಮನೆ ಕೂತಿದ್ದವಳು ರಿಹಾನಾ. ಪೇಟೆಯ ಬಡಗಿ ಜಬ್ಬಾರ್ ಸಾಬರ ಮಗಳು. ಮಾತು ಕಡಿಮೆ, ಕೈ ಚುರುಕು. ಅದರ ಹಿಂದಿನ ವರ್ಷ ನಾನು ಮುಖವಾಡ ಮಾಡಿಸಿದಾಗ ಅವಳು ಎಲ್ಲರ ಮುಖವಾಡಕ್ಕೂ ದಾರ ಪೋಣಿಸಿ ಕೊಟ್ಟಿದ್ದಳು. ಗೋಡೆಗೆ ತೂಗುಹಾಕಿದ ಮೇಲೆ ನೋಡಿದರೆ ಅವಳದ್ದೆಂಬ ಒಂದೂ ಇರಲಿಲ್ಲ. ಕೇಳಿದ್ದಕ್ಕೆ, "ಮುಖ ಮಾಡೋದು ಬೇಡ ಅಂತಾರೆ ಮಿಸ್ ಮನೇಲಿ" ಎಂದು ದಾರದ ಉಂಡೆಯನ್ನು ಹಿಂದಿರುಗಿಸಿದ್ದಳು. ಈ ಸಲವೂ ಅವಳು ದಾರದ ಉಂಡೆಗೇ ಸಿದ್ಧಳಾಗಿ ಕೂತಂತಿತ್ತು.

"ನೀನೇನು ಮಾಡ್ತೀಯ?" ಎಂದೆ.

"ನಮ್ಮ ಹಬ್ಬಕ್ಕೆ ಗೊಂಬೆ ಇರಲ್ಲ ಮಿಸ್."

"ಗೊಂಬೆ ಇಲ್ದಿದ್ರೆ ಬೇಡ. ಏನಿರುತ್ತೆ?"

ಸ್ವಲ್ಪ ಹೊತ್ತು ಡೆಸ್ಕಿನ ಮೇಲೆ ಉಗುರಿನಿಂದ ಗೀಚಿದಳು. "ಶಾವಿಗೆ ಇರುತ್ತೆ" ಎಂದಳು. ಆಮೇಲೆ ತಾನೇ ಮುಂದುವರಿಸಿದಳು. ರಂಜಾನಿಗೆ ಮುಂಚೆ ಮನೆಯಲ್ಲಿ ಶಾವಿಗೆ ಮಿಷನ್ನನ್ನು ಮಂಚದ ಅಂಚಿಗೆ ಬಿಗಿಯುವುದು, ಅಮ್ಮಿ ಹಿಟ್ಟು ತುರುಕುವುದು, ಇವಳು ಹಿಡಿ ತಿರುಗಿಸುವುದು, ಇಳಿದ ಎಳೆಗಳನ್ನು ಕೋಲಿನ ಮೇಲೆ ಹಾಕಿ ಒಣಗಿಸುವುದು. "ಮಿಷನ್ನಿಗೆ ಮುಖ ಇಲ್ಲ ಅಲ್ವಾ ಮಿಸ್?"

ಆ ಸಂಜೆ ಜಬ್ಬಾರ್ ಸಾಬರ ಅಂಗಡಿಗೆ ನಾನೇ ಹೋದೆ. ಗೋಡೆಗೆ ಒರಗಿಸಿದ ಬಾಗಿಲ ಚೌಕಟ್ಟುಗಳ ನಡುವೆ ನನಗೊಂದು ಸ್ಟೂಲು ಒರೆಸಿ ಕೊಟ್ಟು, ಚಹಾ ತರಿಸಿ, ಅವರು ಎಲ್ಲವನ್ನೂ ಕೇಳಿಸಿಕೊಂಡರು.

"ಜೀವ ಇರೋದನ್ನ ಮಾಡೋದು ನಮ್ಮಲ್ಲಿ ಬೇಡ ಅಂತಾರೆ ಮೇಡಂ. ಇದು ಮಿಷನ್ನು, ಮಾಡ್ಲಿ. ಆಸೆ ಪಡ್ತಾಳೆ. ಒಂದೇ ಮಾತು ನಂದು. ಪ್ರದರ್ಶನ ಅಂದ್ಮೇಲೆ ಪೂಜೆ ಮಾಡಿ ಶುರು ಮಾಡ್ತೀರ, ಎಲ್ಲಕ್ಕೂ ಹೂವು ಕುಂಕುಮ ಇಟ್ಕೊಂಡು ಬರೋರು ಇದಕ್ಕೂ ಇಟ್ಬಿಡ್ತಾರೆ. ಅದೊಂದು ಆಗದ ಹಾಗೆ ನೋಡ್ಕೊಳ್ಳಿ."

"ಶಾವಿಗೆ ಮಿಷನ್ನಿಗೆ ಯಾರು ಸಾಬರೆ ಕುಂಕುಮ ಇಡ್ತಾರೆ?" ಎಂದು ನಾನು ನಕ್ಕೆ.

ಅವರು ನಗಲಿಲ್ಲ. "ನಮ್ಮೂರ ಜನ ಯಾತಕ್ಕೆ ಇಡಲ್ಲ ಹೇಳಿ ಮೇಡಂ" ಎಂದರು. ನಾನು ಮಾತು ಕೊಟ್ಟು ಚಹಾ ಮುಗಿಸಿದೆ.

ಕೆರೆಯ ಗೋಡುಮಣ್ಣು ಬಂತು. ಕಲ್ಲು ಬೇರು ಆರಿಸಿ, ತುಳಿದು, ನಾದಿ, ಮಕ್ಕಳು ಮಾಡತೊಡಗಿದರು. ಶಾಲೆಯ ವರಾಂಡ ಒಂದು ವಾರ ಸಂತೆಯಂತಿತ್ತು. ಗಣೇಶಗಳು ಎದ್ದವು, ದಸರಾ ಆನೆಗಳು ಎದ್ದವು, ಎತ್ತು ಎದ್ದು ನೆಗೆಯಲು ಹೋಗಿ ಮೂಗು ಮುರಿದುಕೊಂಡು ಮತ್ತೆ ಎದ್ದಿತು. ಎಲ್ಲರೂ ದಪ್ಪ ದಪ್ಪ ಗಟ್ಟಿ ಉಂಡೆಯಿಂದಲೇ ಮಾಡಿದರು. ಒಳಗೆ ಟೊಳ್ಳು ಮಾಡಬೇಕೆಂದು ನಾನು ಹೇಳಿದ್ದು ಹೌದು, ಯಾರೂ ಕೇಳದಿದ್ದದ್ದೂ ಹೌದು. ರಿಹಾನಾ ಮಾತ್ರ ಮೂಲೆಯಲ್ಲಿ ಕೂತು ಮಂಚದ ಒಂದು ತುಂಡು, ಅದರ ಅಂಚಿಗೆ ಬಾಯಗಲಿಸಿಕೊಂಡು ನಿಂತ ಮಿಷನ್ನು, ಮೇಲಕ್ಕೆತ್ತಿದ ಹಿಡಿ ಇಷ್ಟನ್ನೂ ತೆಳ್ಳಗೆ ಮಾಡಿ, ಆಮೇಲೆ ಅಂಗೈಯಲ್ಲಿ ಒಂದೊಂದೇ ಎಳೆ ಹೊಸೆದು ಇಳಿಬಿಟ್ಟಳು. ಎಳೆಗಳು ಬಟ್ಟೆ ಹೊಲಿಯುವ ದಾರಕ್ಕಿಂತ ತುಸು ದಪ್ಪ ಅಷ್ಟೆ. ಪಕ್ಕದಲ್ಲಿ ಕೂತ ಚಂದನ್ ತನ್ನ ಎತ್ತನ್ನು ಬಿಟ್ಟು ಅದನ್ನೇ ನೋಡುತ್ತಿದ್ದ. "ಲೇ ರಿಹಾನಾ, ಇದು ನಾಳೀಕೆ ಇರಾಕಿಲ್ಲ ಕಣೇ. ಉದುರೋಯ್ತದೆ" ಎಂದ.

"ನಿನ್ನ ಎತ್ತಿನ ಕಾಲು ನೋಡ್ಕೊ" ಎಂದಳು ಇವಳು, ತಲೆ ಎತ್ತದೆ.

ಆಗ ಮಳೆ ಹಿಡಿಯಿತು. ಎಲ್ಲೋ ಸಮುದ್ರದಲ್ಲಿ ಏನೋ ಎದ್ದಿದೆಯಂತೆ, ಇಲ್ಲಿ ನಮಗೆ ಬಿಸಿಲಿಲ್ಲ. ಹಸಿ ಮಣ್ಣು ಹಸಿಯಾಗಿಯೇ ಉಳಿದು ಗಣೇಶನ ಹೊಟ್ಟೆಯ ಮೇಲೆ ಬಿಳಿ ಬೂಷ್ಟು ಕಾಣಿಸಿತು. ಪೋಷಕರ ಸಭೆ ಹತ್ತಿರ ಬರುತ್ತಿತ್ತು. ನಾನು ಬಿಸಿಯೂಟದ ಒಲೆಯ ಪಕ್ಕ ಎರಡನ್ನು ಇಟ್ಟು ನೋಡಿದೆ. ಅಡುಗೆಯವರು ಅವುಗಳ ಮೇಲೆ ಸೌಟು ಇಟ್ಟರು.

ಆಗ ಬಂದ ಒಂದು ಮಾತೇ ಮುಂದಿನದಕ್ಕೆಲ್ಲ ಕಾರಣ. ಚಂದನ್, "ಮಿಸ್, ನಮ್ ಬ್ಯಾರನ್ನಿಗೆ ಇಡಾನ" ಎಂದ.

ಹುಣಸೂರು, ಪಿರಿಯಾಪಟ್ಟಣದ ಸೀಮೆ ಗೊತ್ತಿರುವವರಿಗೆ ಬ್ಯಾರನ್ ಗೊತ್ತು. ಹೊಗೆಸೊಪ್ಪು ಹದಮಾಡುವ ಎತ್ತರದ ಮನೆ. ಕಿಟಕಿಯಿಲ್ಲದ ಗೋಡೆ, ಹೊರಗೆ ಒಲೆಯ ಬಾಯಿ, ಒಳಗೆ ಬಿಸಿ ಹರಿಯುವ ಕೊಳವೆ. ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಸೂರಿನವರೆಗೆ ಸಾಲುಸಾಲಾಗಿ ತೂಗುಹಾಕಿ ಬೆಂಕಿ ಕೊಡುತ್ತಾರೆ. ಭತ್ತದ ಸೀಮೆಯವಳಾದ ನನಗೆ ಆ ಬಿಸಿಯ ಸಂಗತಿ ಮಾತ್ರ ತಿಳಿದಿತ್ತು, ಉಳಿದದ್ದು ತಿಳಿದಿರಲಿಲ್ಲ. ಚಂದನ್‌ನ ಅಪ್ಪ ನಾಗರಾಜು ಆಟೋದಲ್ಲಿ ಬಂದು ಎಲ್ಲವನ್ನೂ ಹುಲ್ಲಿನ ಮೇಲೆ ಜೋಡಿಸಿಕೊಂಡರು. ಬ್ಯಾರನ್ನಿನ ಮೂಲೆಯಲ್ಲಿ ಹಲಗೆ ಹಾಕಿ, ಕೊಳವೆಯಿಂದ ದೂರವಾಗಿ ಇಟ್ಟರು. ಬಾಗಿಲು ಮುಚ್ಚಿ ಒಲೆಗೆ ಬೆಂಕಿ ಹಾಕಿದ ಮೇಲೆ ನಾನು, "ನಾಳಿದ್ದು ಬಂದು ತಗೊಂಡು ಹೋಗ್ತೀನಿ ನಾಗರಾಜು" ಎಂದೆ.

ಅವರು ನನ್ನನ್ನು ಪಾಪ ಎನ್ನುವಂತೆ ನೋಡಿದರು. "ನಾಳಿದ್ದಾ? ಮೇಡಂ, ಬೆಂಕಿ ಆಕಿದ್ ಮ್ಯಾಲೆ ಸೊಪ್ಪು ಆಗೋಗಂಟ ಬಾಗ್ಲು ತೆಗಿಯಂಗಿಲ್ಲ. ಗಾಳಿ ನುಗ್ತು ಅಂದ್ರೆ ಬಣ್ಣ ಓಯ್ತದೆ. ನೀವು ಗಣೇಶನ್ನ ಬುಟ್ಟಿದ್ದೀರ, ಇನ್ ಅವನೇ ನೋಡ್ಕೋಬೇಕು."

ಹೀಗೆ ನನ್ನ ತರಗತಿಯ ಎಲ್ಲ ಹಬ್ಬಗಳೂ ಹೊಗೆಸೊಪ್ಪಿನ ಜೊತೆ ಬೇಯತೊಡಗಿದವು. ರಿಹಾನಾ ದಿನವೂ ಬಂದು, "ಆಯ್ತಾ ಮಿಸ್?" ಎನ್ನುವಳು. "ಬಾಗ್ಲು ತೆಗಿಬಾರ್ದಂತೆ" ಎನ್ನುವೆ. ಅವಳು ಒಂದು ಬಿಳಿ ರಟ್ಟಿನ ಚೀಟಿಯ ಮೇಲೆ ತನ್ನ ಹೆಸರನ್ನು ಆಗಲೇ ಬರೆದಿಟ್ಟುಕೊಂಡಿದ್ದಳು. ಸುತ್ತ ಬಳ್ಳಿ ಬಿಡಿಸಿದ್ದಳು. ದಿನಕ್ಕೊಂದು ಎಲೆ ಹೆಚ್ಚಾಗುತ್ತಿತ್ತು.

ಪ್ರದರ್ಶನಕ್ಕೆ ಎರಡೇ ದಿನ ಇರುವಾಗ ಬೆಳಿಗ್ಗೆ ಚಂದನ್ ಓಡಿಬಂದ. ಮುಖದಲ್ಲಿ ಅರ್ಧ ನಗು, ಅರ್ಧ ಗಾಬರಿ.

"ಮಿಸ್, ನೆನ್ನೆ ಬ್ಯಾರನ್ ತೆಗುದ್ರು. ಸೊಪ್ಪು ಸಕತ್ ಬಂದದೆ ಮಿಸ್, ನಿಂಬೆಣ್ ಬಣ್ಣ. ಈ ವರ್ಸ ಇಂತ ಸೊಪ್ಪೇ ಬಂದಿಲ್ಲ ಅಂತ ನಮ್ಮಪ್ಪ ಕುಣೀತಾವ್ನೆ."

"ಗೊಂಬೆಗಳು?"

"ಎಲ್ಲ ಒಡೆದೋಗವೆ ಮಿಸ್. ಆನೆ ಹೊಟ್ಟೆ ಬಿರ್ತುಕೊಂಡದೆ. ಗಣೇಸನ್ ಸೊಂಡ್ಲು ಉದುರೋಗದೆ. ಒಡೆದ್ ದೇವ್ರ್ನ ಮನೇಲಿ ಮಡಗಬಾರ್ದು ಅಂತ ನಮ್ಮಜ್ಜಿ ಎಲ್ಲಾನೂ ಕೆರೆಗೆ ಬುಡ್ಸುದ್ಲು. ನನ್ ಎತ್ತುನ್ನೂ ಬುಟ್ಲು ಮಿಸ್, ಅದು ದೇವ್ರೇ ಅಲ್ಲ."

ನಾನು ಕುರ್ಚಿ ಹುಡುಕಿ ಕೂತೆ. ರಿಹಾನಾ ಬಾಗಿಲಲ್ಲಿ ನಿಂತಿದ್ದಳು. "ನಂದು?" ಎಂದಳು.

"ನಿಂದೊಂದೇ ಇರೋದು. ಒಂದ್ ಎಳೆನೂ ಉದುರಿಲ್ಲ ಕಣೇ" ಎಂದ ಚಂದನ್. ತೆಳ್ಳಗಿದ್ದದ್ದು ಒಂದೇ ಹದಕ್ಕೆ ಒಣಗಿ ಉಳಿದಿತ್ತು. ಗಟ್ಟಿ ಉಂಡೆಗಳ ಹೊಟ್ಟೆಯೊಳಗಿನ ಹಸಿ ಕಾದು ಬಿರಿದಿತ್ತು. ರಿಹಾನಾ ನಗತೊಡಗಿದ್ದಳು. ಅವನು ತಲೆ ಕೆರೆದುಕೊಂಡ. "ಆದ್ರೆ ನಮ್ಮಜ್ಜಿ ಕೊಡಾಕಿಲ್ಲ ಅಂತಾವ್ಳೆ. ಅದಕ್ಕೆ ಕುಂಕ್ಮ ಇಟ್ಟವ್ಳೆ."

ಮಧ್ಯಾಹ್ನದ ಬಿಡುವಿನಲ್ಲಿ ಸ್ಕೂಟರ್ ಹತ್ತಿ ಒಬ್ಬಳೇ ಹೋದೆ. ಚಂದನ್‌ನ ಅಜ್ಜಿ ನಿಂಗಮ್ಮ ಬ್ಯಾರನ್ನಿನ ಬಾಗಿಲಲ್ಲಿ ಕೂತು ಸೊಪ್ಪು ಆರಿಸುತ್ತಿದ್ದರು. ಒಳಗೆ ಅದೇ ಮೂಲೆ, ಅದೇ ಹಲಗೆ. ಮಿಷನ್ನಿನ ಅಗಲ ಬಾಯಿಯ ಕೆಳಗೆ ಹಣೆ ಇರಬಹುದಾದ ಜಾಗದಲ್ಲಿ ದೊಡ್ಡದೊಂದು ಕುಂಕುಮದ ಬೊಟ್ಟು. ಎತ್ತಿದ ಹಿಡಿಗೆ ಒಂದು ಚೆಂಡು ಹೂ. ಆ ಮಬ್ಬಿನಲ್ಲಿ ನನಗೂ ಒಂದು ಕ್ಷಣ ಹಾಗೇ ಕಂಡಿತು: ತಲೆ ಇದೆ, ಎತ್ತಿದ ಒಂದು ಕೈ ಇದೆ, ಬಿಟ್ಟ ಕೂದಲಿದೆ.

"ಎಲ್ಲಾ ಸಿಡ್ದು ಓದ್ರೂ ಇವ್ಳೊಬ್ಳು ಕೂದ್ಲು ಕೆದ್ರುಕೊಂಡು ನಿಂತವ್ಳಲ್ಲ ಟೀಚರಮ್ಮ" ಎಂದರು ನಿಂಗಮ್ಮ. "ಸೊಪ್ಪು ಕಾದವ್ಳು ಇವ್ಳೇ. ಸೀಜನ್ ಮುಗಿಯೋಗಂಟ ಇಲ್ಲೇ ಇರ್ಲಿ. ಇನ್ನೂ ಹೊಲದಲ್ಲಿ ಸೊಪ್ಪದೆ."

"ಅದು ದೇವ್ರು ಅಲ್ಲ ನಿಂಗಮ್ಮ" ಎಂದೆ. ಅವರು ಕೇಳಿಸಿಕೊಳ್ಳದೆ ಸೊಪ್ಪು ಆರಿಸುತ್ತಲೇ ಇದ್ದರು. ಬೊಟ್ಟನ್ನು ಒರೆಸೋಣವೆಂದರೆ ಅದು ಸುಡದ ಮಣ್ಣು. ನೀರು ಮುಟ್ಟಿದರೆ ಕರಗುತ್ತದೆ, ಕೆರೆದರೆ ಎಳೆ ಉದುರುತ್ತದೆ. ಜಬ್ಬಾರ್ ಸಾಬರಿಗೆ ಕೊಟ್ಟ ಮಾತು ಕಣ್ಣೆದುರಿಗೆ ಕೆಂಪಗೆ ಕೂತಿತ್ತು.

ಮುಚ್ಚಿಡುವ ಸಂಗತಿಯಲ್ಲ. ಸಂಜೆ ಸೀದಾ ಸಾಬರ ಅಂಗಡಿಗೆ ಹೋಗಿ ನಡೆದದ್ದನ್ನು ಹೇಳಿದೆ. ಶಾಲೆ ಬಿಟ್ಟು ರಿಹಾನಾ ಕೂಡ ಅಲ್ಲಿಗೆ ಬಂದಿದ್ದಳು. ಸಾಬರು ಉಳಿಯನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಬೈಯುತ್ತಾರೆಂದು ಕಾದೆ. ಅವರು ಒರಗಿಸಿದ್ದ ಚೌಕಟ್ಟುಗಳ ಕಡೆ ಕೈ ತೋರಿಸಿದರು.

"ನಾನು ಮಾಡಿದ ಒಂದೊಂದು ಬಾಗಿಲಿಗೂ ಅರಿಶಿನ ಕುಂಕುಮ ಇಡ್ತಾರೆ ಮೇಡಂ. ಹೊಸಿಲು ಕೂರಿಸೋ ದಿನ ನನ್ನನ್ನೇ ಪಕ್ಕ ನಿಲ್ಲಿಸಿ ಶಾಲು ಹೊದಿಸ್ತಾರೆ. ಬೇಡ ಅನ್ನೋಕಾಗುತ್ತಾ? ನನ್ನ ಕೈಲಿರೋವರೆಗೆ ನನ್ನ ಮರ. ಗಾಡಿ ಹತ್ತಿದ ಮೇಲೆ ಅವರ ಬಾಗಿಲು." ಮಗಳ ಕಡೆ ತಿರುಗಿದರು. "ಅದು ಅವರ ಮನೆ ಸೇರಿ ಆಯ್ತು ಬೇಟಿ. ಅವರಿಗೇ ಬಿಟ್ಬಿಡು. ಇನ್ನ ನಮ್ದಲ್ಲ."

ನನಗೆ ಮನಸ್ಸು ಹಗುರಾಯಿತು. ಆದರೆ ರಿಹಾನಾಳ ಮುಖ ಗಂಟಿಕ್ಕಿತ್ತು.

"ನಿಮ್ಮ ಬಾಗಿಲು ನೀವು ಕೊಡ್ತೀರಾ ಅಬ್ಬಾ" ಎಂದಳು. "ನಾನು ಕೊಟ್ಟಿಲ್ಲ. ಒಣಗೋಕೆ ಇಟ್ಟಿದ್ದು. ನಾನು ಕೊಡದೆ ಅದು ಅವರದ್ದು ಹೇಗಾಗುತ್ತೆ?"

ಸಾಬರು ಕೆಳಗಿಟ್ಟ ಉಳಿಯನ್ನು ಎತ್ತಿ ಬದಿಗೆ ಸರಿಸಿದರು. ನಾನು ನನ್ನ ಚೀಲದ ಜಿಪ್ಪು ಸರಿ ಇದೆಯೇ ಎಂದು ನೋಡಿಕೊಂಡೆ. ನಾವಿಬ್ಬರೂ ಕುಂಕುಮದ ಲೆಕ್ಕ ಹಾಕುತ್ತ ಅವಳನ್ನು ಮರೆತೇಬಿಟ್ಟಿದ್ದೆವು. ಕುಂಕುಮ ಇದ್ದರೂ ಇಲ್ಲದಿದ್ದರೂ ಬಳ್ಳಿ ಬಿಡಿಸಿದ ಆ ಚೀಟಿಯ ಹಿಂದೆ ಇಡಲು ಏನೂ ಇರಲಿಲ್ಲ.

ಮೂವರೂ ನಾಗರಾಜು ಮನೆಗೆ ಹೋದೆವು. ಸಾಬರು ಒಳಗೆ ಬರಲಿಲ್ಲ. ಬ್ಯಾರನ್ನಿನ ಹಳೆಯ ಬಾಗಿಲ ತಿರುಗಣೆ ಹಿಡಿದು ಅಲ್ಲಾಡಿಸಿ ನೋಡುತ್ತ ಹೊರಗೇ ನಿಂತರು. ನಿಂಗಮ್ಮ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, "ಇದನ್ನ ಮಾಡ್ದೋಳು ನೀನಾ ಮಗ? ಕೂದ್ಲು ಎಷ್ಟ್ ಚೆಂದಾಗಿ ಬುಟ್ಟಿದ್ದೀಯ" ಎಂದರು.

"ಕೂದಲಲ್ಲ ಅಜ್ಜಿ. ಶಾವಿಗೆ."

"ಏನು?"

"ಶಾವಿಗೆ ಮಿಷನ್ನು ಅಜ್ಜಿ. ಇದು ಹಿಟ್ಟು ಹಾಕೋ ಬಾಯಿ. ಇದು ತಿರುಗಿಸೋ ಹಿಡಿ. ಇದು ಮಂಚ."

ನಿಂಗಮ್ಮ ಹತ್ತಿರ ಬಾಗಿ, ಕಣ್ಣಿಗೆ ಕೈ ಅಡ್ಡ ಹಿಡಿದು, ತುಂಬ ಹೊತ್ತು ನೋಡಿದರು. ಅವರ ಮನೆಯಲ್ಲಿರುವುದು ಮರದ ಶಾವಿಗೆ ಒರಳು. ಮೇಲಿಂದ ಒತ್ತುವಂಥದ್ದು. ತಿರುಗಿಸುವ ಮಿಷನ್ನನ್ನು ಅವರು ಕಂಡಿರಲಿಲ್ಲ. ಬಾಗಿಲಾಚೆಯಿಂದ ಚಂದನ್ ಕಿಸಕ್ಕೆಂದ. ಅಜ್ಜಿ ಅವನ ಕಡೆ ಒಂದು ಹೊಗೆಸೊಪ್ಪಿನ ಕಡ್ಡಿ ಎಸೆದರು.

"ನಗ್ಬ್ಯಾಡ ಕಣ್ಲಾ. ಒರಳಿಗೂ ಇಕ್ತೀನಿ ಕುಂಕ್ಮವ, ಒನಕೆಗೂ ಇಕ್ತೀನಿ. ನಿಮ್ಮಪ್ಪನ್ ಆಟೋಗೂ ಇಕ್ತೀನಿ. ಅನ್ನ ಕೊಡ್ತದೆ ಅಂತ ಇಕ್ಕೋದು." ಆಮೇಲೆ ದನಿ ತಗ್ಗಿತು. "ಆದ್ರೂ ನಿಮ್ಮೋರಲ್ಲಿ ಆಗಾಕಿಲ್ಲ ಅಲ್ವಾ ಮಗ? ನಂಗೆ ತಿಳೀನಿಲ್ಲ. ಬಾ, ಒರೆಸ್ಕೊಡ್ತೀನಿ." ಬಾಯಲ್ಲಿ ಸೆರಗಿನ ತುದಿ ತೇವ ಮಾಡಿಕೊಂಡು ಮುಂದಾದರು.

ರಿಹಾನಾ ಅವರ ಕೈ ಹಿಡಿದುಕೊಂಡಳು. "ಒದ್ದೆ ಮುಟ್ಟಿಸಬೇಡಿ ಅಜ್ಜಿ, ಕರಗಿಹೋಗುತ್ತೆ."

"ಹಂಗಾರೆ ಹಂಗೇ ತಕ್ಕೊಂಡೋಗು ಕಣವ್ವ. ನಿಂದು."

ಚೆಂಡು ಹೂವನ್ನು ತೆಗೆದು ಪಕ್ಕಕ್ಕಿಟ್ಟು ನಿಂಗಮ್ಮ ಹಲಗೆಯನ್ನೇ ಎತ್ತಿ ಕೊಟ್ಟರು. ಹುಡುಗಿ ಹಲಗೆ ಹಿಡಿದು ನಿಂತಳು. ಅಂಗಳದಲ್ಲಿ ಮುಂದಿನ ಸೊಪ್ಪು ಕಡ್ಡಿಗೆ ಕಟ್ಟಿ ರಾಶಿ ಬಿದ್ದಿತ್ತು. ಅದನ್ನು ನೋಡಿದಳು, ಅಜ್ಜಿಯನ್ನು ನೋಡಿದಳು.

"ಇದಿದ್ರೆ ಸೊಪ್ಪು ಚೆನ್ನಾಗಿ ಬರುತ್ತಾ ಅಜ್ಜಿ?"

"ಯಾರಿಗ್ ಗೊತ್ತವ್ವ. ಬರೋದಾದ್ರೆ ಬತ್ತದೆ. ಇದ್ರೆ ನಂಗೊಸಿ ಧೈರ್ಯ, ಅಷ್ಟೆಯ."

ರಿಹಾನಾ ಹಲಗೆಯನ್ನು ತಾನೇ ಒಳಗೆ ಒಯ್ದು ಅದೇ ಮೂಲೆಯಲ್ಲಿ ಇಟ್ಟಳು. ಹೊರಗೆ ಬಂದು ಕೈ ಕೊಡವಿಕೊಂಡು, "ಇದನ್ನ ನಿಮಗೆ ಕೊಟ್ಟೆ ಅಜ್ಜಿ. ದೇವರು ಅಂತ ಇಟ್ಕೋಬೇಡಿ, ರಿಹಾನಾ ಕೊಟ್ಟಿದ್ದು ಅಂತ ಇಟ್ಕೊಳ್ಳಿ" ಎಂದಳು.

"ಆಯ್ತು ಬುಡವ್ವ. ಯಾರ್ ಕೇಳುದ್ರೂ ಅಂಗೇ ಹೇಳ್ತೀನಿ" ಎಂದರು ನಿಂಗಮ್ಮ. ಈಚೆ ನಿಂತಿದ್ದ ಸಾಬರು ತಿರುಗಣೆಯನ್ನು ಬಿಟ್ಟು, "ಬಾಗ್ಲು ಕೆಳಗಡೆ ಎತ್ಕೊಂಡಿದೆ, ಗಾಳಿ ಹೋಗುತ್ತೆ. ನಾಳೆ ಬಂದು ಸರಿ ಮಾಡ್ಕೊಡ್ತೀನಿ" ಎಂದಷ್ಟೇ ಅಂಗಳದಲ್ಲಿದ್ದ ನಾಗರಾಜುವಿಗೆ ಹೇಳಿದರು.

ಪ್ರದರ್ಶನದ ಹಿಂದಿನ ದಿನ ನಮ್ಮ ವರಾಂಡ ಮತ್ತೆ ಕೆಸರಾಯಿತು. ಕೆರೆಗೆ ಬಿಟ್ಟದ್ದಕ್ಕೆ ಯಾವ ಮಗುವೂ ಅಳಲಿಲ್ಲ. ಹಬ್ಬ ಅಂದಮೇಲೆ ನೀರಿಗೆ ಬಿಡುವುದೂ ಅದರಲ್ಲೇ ಸೇರಿದೆ ಎಂಬುದು ಅವರ ತೀರ್ಮಾನ. ಈ ಸಲ ಒಳಗೆ ಟೊಳ್ಳು ಮಾಡಿದರು. ರಿಹಾನಾ ಮಾತ್ರ ಬರಿಗೈಯಲ್ಲಿ ಕೂತು, "ಒಂದೇ ದಿನದಲ್ಲಿ ಅಷ್ಟು ಎಳೆ ಹೊಸೆಯೋಕಾಗಲ್ಲ ಮಿಸ್" ಎಂದಳು. ಶಾಲೆ ಬಿಡುವ ಹೊತ್ತಿಗೆ, "ನಾಳೆ ತರ್ತೀನಿ" ಎಂದು ಒಂದು ಕವರಿನ ತುಂಬ ನಾದಿದ ಮಣ್ಣು ಕಟ್ಟಿಕೊಂಡು ಮನೆಗೆ ಹೋದಳು.

ಮಾರನೆಯ ಬೆಳಿಗ್ಗೆ ಅವಳ ಕೈಯಲ್ಲಿದ್ದದ್ದು ಅಂಗೈಯಗಲದ ಒಂದು ಮರದ ಒರಳು. ಮೂರು ಕಾಲು, ನಡುವೆ ಗುಂಡಿ, ತಳದಲ್ಲಿ ಸೂಜಿ ಗಾತ್ರದ ತೂತುಗಳು, ಮೇಲೊಂದು ಒತ್ತುವ ಗುಂಡು. ಸಾಬರು ಹಳ್ಳಿಯವರಿಗೆ ಇಂಥವನ್ನು ದೊಡ್ಡದಾಗಿ ಎಷ್ಟೋ ಮಾಡಿಕೊಟ್ಟಿದ್ದರಂತೆ, ಮಗಳಿಗೆಂದು ಮಾಡಿದ್ದು ಇದೇ ಮೊದಲು. ಮೇಜಿನ ಮೇಲೆ ಅವಳು ಹೊಸದಾಗಿ ಮಾಡಿದ ಮಣ್ಣಿನ ಮಂಚ, ಅದರ ಮುಂದೆ ಬಳ್ಳಿ ಬಿಡಿಸಿದ ಚೀಟಿ. ಎಳೆ ಮೊದಲೇ ಮಾಡಿಟ್ಟಿರಲಿಲ್ಲ. ಜನ ಬಂದಂತೆ ಒರಳಿಗೆ ಮಣ್ಣು ತುಂಬಿ ಒತ್ತುತ್ತಿದ್ದಳು, ಎಳೆಗಳು ಇಳಿದು ಮಂಚದ ಮೇಲೆ ಸುರುಳಿ ಬೀಳುತ್ತಿದ್ದವು. ಹಸಿ ಆನೆ, ಹಸಿ ಗಣೇಶರನ್ನು ದಾಟಿಕೊಂಡು ಬಂದ ಪೋಷಕರು ಅಲ್ಲಿ ನಿಂತವರು ಮುಂದೆ ಹೋಗುತ್ತಿರಲಿಲ್ಲ. ಸಾಬರು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು. ಪೂಜೆ ಮುಗಿಸಿ ಕುಂಕುಮದ ಬಟ್ಟಲು ಹಿಡಿದು ಮೇಜಿನಿಂದ ಮೇಜಿಗೆ ಬಂದವರನ್ನು ಈ ಮೇಜಿಗೆ ಮುಂಚೆಯೇ ತಡೆದು ನಾನು ಬಟ್ಟಲನ್ನು ಈಸಿಕೊಂಡೆ. ಸಾಬರು ಅದನ್ನು ನೋಡಿದರು.

ಮಧ್ಯಾಹ್ನದ ಹೊತ್ತಿಗೆ ನಿಂಗಮ್ಮ ಬಂದರು. ಮೊಮ್ಮಗನ ಎತ್ತನ್ನು ಒಂದು ಗಳಿಗೆ ನೋಡಿ, "ನಾಯಿ ಚೆನ್ನಾಗದೆ" ಎಂದು ಮುಂದೆ ಸರಿದರು. ರಿಹಾನಾಳ ಮೇಜಿನ ಮುಂದೆ ಬಂದವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಎಳೆ ಇಳಿಯುವುದನ್ನು ನೋಡುತ್ತ ನೋಡುತ್ತ ಕತ್ತು ಮುಂದಕ್ಕೆ ಬಂತು, ಕೈ ಮಾತ್ರ ಬರಲಿಲ್ಲ.

"ಮುಟ್ಟಾಕಿಲ್ಲ ಕಣವ್ವ. ನೋಡ್ತೀನಿ ಅಷ್ಟೆಯ" ಎಂದರು.

ರಿಹಾನಾ ಒರಳನ್ನು ಅವರ ಕಡೆಗೆ ತಿರುಗಿಸಿ ಸರಿಸಿದಳು. "ಒತ್ತಿ ಅಜ್ಜಿ" ಎಂದಳು.

ನಿಂಗಮ್ಮ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಬಾಗಿಲ ಬಳಿಯ ಸಾಬರನ್ನು ನೋಡಿದರು. ಬೆನ್ನ ಹಿಂದಿನ ಕೈ ಬಿಚ್ಚಿ, ಸೆರಗಿಗೆ ಒರೆಸಿಕೊಂಡು, ಗುಂಡಿನ ಮೇಲೆ ಅಂಗೈಯೂರಿ ಮೈಭಾರ ಬಿಟ್ಟರು. ಅರ್ಧ ಇಳಿದ ಎಳೆಗಳು ಮಧ್ಯದಲ್ಲೇ ತುಂಡಾಗಿ ಬಿದ್ದವು. ಒಂದನ್ನು ಎತ್ತಿಕೊಂಡು ಬೆರಳುಗಳ ನಡುವೆ ಹೊಸಕಿ ನೋಡಿದರು. ಊರಿನ ಎಲ್ಲ ಸೊಸೆಯಂದಿರ ಹಿಟ್ಟನ್ನೂ ಹೀಗೇ ನೋಡಿದ್ದಿರಬೇಕು.

"ಇಟ್ಟು ಬಿರುಸಾಯ್ತು ಕಣವ್ವ. ಇನ್ನೊಸಿ ನೀರ್ ಕಾಣಿಸ್ಬೇಕಾಗಿತ್ತು."

ರಿಹಾನಾ ಲೋಟದಿಂದ ನೀರು ಚಿಮುಕಿಸಿ ಮಣ್ಣನ್ನು ಮತ್ತೆ ನಾದತೊಡಗಿದಳು. ನಿಂಗಮ್ಮ ಸಾಲಿನಲ್ಲಿದ್ದವರಿಗೆ ದಾರಿ ಬಿಡದೆ, ಮೇಜಿನ ಪಕ್ಕದ ಬೆಂಚನ್ನು ಎಳೆದುಕೊಂಡು ಕೂತರು.